ಟಗರು ಕೆಡಹುವ ಪಟ್ಟು

ನಮ್ಮೂರು ತಾಳ್ಯದ ಶಾಲೆಯಲ್ಲಿ ನಾನು ಸಹಾಯಕ ಮೇಷ್ಟ್ರಾಗಿ ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ಗಾಳಿ ಬಂದರೆ ಹಾರಿಹೋಗುವಂಥ ಮೈ. ಅಪ್ಪನಾದರೋ ರಾಗಿ ಮೂಟೆಯನ್ನು ಒಬ್ಬನೇ ಎತ್ತಿ ಬಂಡಿಗೆ ಹಾಕುತ್ತಿದ್ದ ಆಳು. ನಾನು ಒಂದು ಬಿಂದಿಗೆ ನೀರು ತಂದು ಏದುಸಿರು ಬಿಟ್ಟರೆ, ‘ನಿನಗೆ ಬಳಪದ ಭಾರನೇ ಸರಿ ಬಿಡು’ ಎಂದು ನಗುತ್ತಿದ್ದ.

ಆ ವರ್ಷವೇ ಊರಿನ ಕುರುಬರ ಹಟ್ಟಿಯವನೊಬ್ಬ ಮೊದಲ ಮಹಾಯುದ್ಧ ಮುಗಿಸಿಕೊಂಡು ಈಜಿಪ್ಟಿನಿಂದ ವಾಪಸು ಬಂದ. ಅಲ್ಲಿ ಸೈನ್ಯದ ಕುದುರೆಗಳನ್ನು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತಂತೆ. ಬಿಡುವಾದಾಗ ಬಿಳಿಯ ಸಿಪಾಯಿಗಳಿಂದ ಬಾಕ್ಸಿಂಗ್ ಕಲಿತಿದ್ದ. ಒಂದು ಬೆಳಿಗ್ಗೆ ಅವನು ಹೊಂಗೆ ಮರಕ್ಕೆ ಹೊಟ್ಟು ತುಂಬಿದ ಚೀಲ ನೇತುಹಾಕಿ ಗುದ್ದುತ್ತಿದ್ದುದನ್ನು ಕಂಡೆ. ಕಾಲು ಅಲ್ಲೇ ನಿಂತುಬಿಟ್ಟಿತು.

‘ಅಣ್ಣಾ, ನನಗೂ ಹೇಳಿಕೊಡ್ತೀಯಾ?’ ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಗಲಿಲ್ಲ. ‘ನಾಳೆ ಹೊತ್ತುಟ್ಟಾಕೆ ಮುಂಚೆ ಬರ್ರಿ ಮೇಷ್ಟ್ರೇ’ ಎಂದ.

ಹಳೆಯ ಕಂಬಳಿಯ ತುಂಡುಗಳನ್ನು ಮುಷ್ಟಿಗೆ ಸುತ್ತಿಕೊಂಡು ಶುರುಮಾಡಿದೆವು. ಮೊದಲ ದಿನವೇ ನನ್ನ ಮೂಗಿನಲ್ಲಿ ರಕ್ತ ಬಂತು. ‘ಕಣ್ ಮುಚ್ಚಬ್ಯಾಡ್ರಿ. ಏಟು ಬರಾದನ್ನ ನೋಡ್ತಾ ಇದ್ರೆ ಅರ್ಧ ನೋವು ಕಮ್ಮಿ’ ಎಂದು ಅವನೇ ನೀರು ತಂದು ಒರೆಸಿದ. ಎಡಗಾಲು ಮುಂದೆ, ಗದ್ದ ಕೆಳಗೆ, ಮೊಣಕೈ ಪಕ್ಕೆಗೆ. ನನಗೆ ಹುಚ್ಚೇ ಹಿಡಿಯಿತು. ಶಾಲೆಯಲ್ಲಿ ಹಲಗೆಯ ಮೇಲೆ ಲೆಕ್ಕ ಬರೆಯುವಾಗಲೂ ಎಡಗಾಲು ತಾನಾಗಿ ಮುಂದೆ ಬರುತ್ತಿತ್ತು. ಎರಡು ತಿಂಗಳಾದರೂ ನನ್ನ ಒಂದು ಗುದ್ದೂ ಅವನಿಗೆ ತಾಗಲಿಲ್ಲ ಎಂಬುದು ಬೇರೆ ಮಾತು.

ಅವನ ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು, ಹಡಗಿಳಿದಾಗ ಬೊಂಬಾಯಿಯ ಬೀದಿಯಲ್ಲಿ ಕೊಂಡದ್ದು. ಜಪಾನಿನವರ ಜುಜುತ್ಸು ವಿದ್ಯೆಯ ಚಿತ್ರಗಳು. ಸಣ್ಣ ಆಳೊಬ್ಬ ದೈತ್ಯನಂಥವನನ್ನು ಉರುಳಿಸುತ್ತಿದ್ದಾನೆ! ಇದು ನನಗಾಗಿಯೇ ಬರೆದದ್ದು ಅನ್ನಿಸಿತು. ನಾನು ಒಂದೊಂದು ಸಾಲನ್ನೂ ಬಿಡಿಸಿ ಓದಿ ಹೇಳಿದೆ, ಅವನು ಚಿತ್ರದಲ್ಲಿದ್ದಂತೆ ನಿಂತ. ಹಿಡಿದೆ, ಎಳೆದೆ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು. ಐದಾರು ದಿನ ಅದೇ ಗತಿ.

ಅವನ ತಾಯಿ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದವಳು ಕೊನೆಗೊಂದು ದಿನ ಎದ್ದು ಬಂದು ಚಿತ್ರ ನೋಡಿದಳು.

‘ಲೇ, ಇದು ಟಗರು ಕೆಡವಾದಲ್ವೇನಲೇ?’

ಉಣ್ಣೆ ಕತ್ತರಿಸುವಾಗ ಕುರಿಯನ್ನು ನೆಲಕ್ಕೆ ಕೂರಿಸಬೇಕಲ್ಲ, ಆ ಕೆಲಸ ಅವಳದು. ಕಟ್ಟಿದ್ದ ಟಗರೊಂದನ್ನು ಬಿಚ್ಚಿ ತಂದಳು. ಒಂದು ಕೈಯಿಂದ ಅದರ ಗದ್ದ ಹಿಡಿದು ಮೂತಿಯನ್ನು ಹಿಂದಕ್ಕೆ ತಿರುಗಿಸಿದಳು, ಇನ್ನೊಂದು ಕೈಯನ್ನು ಅದರ ಸೊಂಟದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಟಗರು ಮೆತ್ತಗೆ ಕೂತುಬಿಟ್ಟಿತು.

‘ಎತ್ತಬಾರದು ಕಣಪ್ಪ. ಕತ್ತು ಎತ್ತ ತಿರುಗ್ತೈತೋ ಮೈ ಅತ್ತಲೇ ಬರ್ತೈತೆ’ ಎಂದಳು. ಅನುಮಾನವಿದ್ದರೆ ನೋಡು ಎಂಬಂತೆ ನನ್ನ ಹೆಗಲಿಗೂ ಕೈ ಹಾಕಿದಳು. ಅರವತ್ತು ದಾಟಿದ ಆ ಹೆಂಗಸಿನ ಕಾಲ ಬುಡದಲ್ಲಿ ನಾನು ಕೂತಿದ್ದೆ.

ಆ ಸುಗ್ಗಿಯಲ್ಲಿ ಅಪ್ಪ ಕಣದಲ್ಲೇ ಕುಸಿದುಬಿದ್ದ. ಲಕ್ವ. ಬಲಗೈ, ಬಲಗಾಲು ಸತ್ತಂತಾದವು, ಮಾತು ತೊದಲಿತು. ಅವನ ಭಾರ ನನಗಾಗಲೀ ಅವ್ವನಿಗಾಗಲೀ ತಡೆಯುವಂಥದ್ದಲ್ಲ. ಕಂಕುಳಿಗೆ ಕೈಹಾಕಿ ಎಳೆದರೆ ನೋವಿಗೆ ನರಳುತ್ತಿದ್ದ. ಮಗ್ಗುಲು ಬದಲಿಸಲಾಗದೆ ಬೆನ್ನು ಕೆಂಪಗಾಯಿತು. ಬಟ್ಟೆ ಬದಲಿಸುವಾಗಲೆಲ್ಲ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ವಾರವಾದರೂ ನಾನು ಬಾರದ್ದನ್ನು ಕಂಡು ಗೆಳೆಯನೇ ಮನೆಗೆ ಬಂದ. ನಾವು ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿ ನನ್ನನ್ನು ಹೊರಗೆ ಕರೆದ.

‘ಮೇಷ್ಟ್ರೇ, ನೀವು ಎತ್ತಾಕೆ ಹೋಗ್ತಿದ್ದೀರಿ.’

ನನಗೆ ಆಗ ಅವನ ತಾಯಿಯ ಮಾತು ಹೊಳೆಯಿತು. ನಮ್ಮ ಕೊಟ್ಟಿಗೆಯಲ್ಲಿ ಹುಲ್ಲು ಹಾಸಿ ಅವನು ಅಂಗಾತ ಮಲಗಿ ಮೈ ಸಡಿಲ ಬಿಟ್ಟ, ಬಲಗೈ ಬಲಗಾಲು ಇಲ್ಲವೇ ಇಲ್ಲ ಎನ್ನುವ ಹಾಗೆ. ಎರಡು ದಿನ ನಾನು ಅವನನ್ನು ಉರುಳಿಸಿ ಉರುಳಿಸಿ ಕಲಿತೆ. ಮಂಡಿ ಮಡಿಸಿ ನಿಲ್ಲಿಸುವುದು, ಮಂಡಿಗೊಂದು ಹೆಗಲಿಗೊಂದು ಕೈ ಇಡುವುದು, ಎಳೆಯದೆ ನನ್ನ ಮೈಯನ್ನೇ ಹಿಂದಕ್ಕೆ ಬಾಗಿಸುವುದು. ತಪ್ಪಾದಾಗ ಅವನು ಅಪ್ಪನ ಹಾಗೆಯೇ ನರಳಿ ತೋರಿಸುತ್ತಿದ್ದ.

ಮೂರನೆಯ ದಿನ ಅಪ್ಪನ ಪಕ್ಕ ಕೂತೆ. ‘ಅಪ್ಪಾ, ಮಗ್ಗುಲು ತಿರುಗಿಸ್ತೀನಿ’ ಎಂದು ಹೇಳಿ ಮಂಡಿ ಮಡಿಸಿದೆ, ಹಿಂದಕ್ಕೆ ಬಾಗಿದೆ. ಆ ದೊಡ್ಡ ಮೈ ಸದ್ದಿಲ್ಲದೆ ನನ್ನ ಕಡೆ ಹೊರಳಿತು. ಆಮೇಲೆ ಕಾಲು ಮಂಚದಿಂದ ಇಳಿಬಿಟ್ಟು ಕೂರಿಸಿದೆ. ಹತ್ತು ದಿನದ ಮೇಲೆ ಅಪ್ಪ ಎದ್ದು ಕೂತಿದ್ದ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

‘ಯಾರು... ಕಲ್ಸಿದ್ರು?’ ಅಪ್ಪ ತೊದಲುತ್ತಾ ಕೇಳಿದ.

‘ಹಟ್ಟಿ ಅಜ್ಜಿ. ಟಗರು ಕೆಡವೋ ಪಟ್ಟು ಇದು.’

ಅಪ್ಪ ನನ್ನ ಕಡೆ ಕತ್ತು ತಿರುಗಿಸಿದ. ‘ಅಂದ್ರೆ... ನಾನು ಟಗರಾ?’ ಎಂದ. ಮುಖದ ಅರ್ಧಭಾಗ ಮಾತ್ರ ನಕ್ಕಿತು. ನಾನು ನಗಲು ಹೋಗಿ ಅತ್ತುಬಿಟ್ಟೆ.

ಅಪ್ಪ ಇನ್ನೂ ಮೂರು ವರ್ಷ ಬದುಕಿದ. ಅವ್ವನೂ ಆ ಹಿಡಿತ ಕಲಿತಳು. ನನಗಿಂತ ಬೇಗ ಕಲಿತಳು. ದಿನವೂ ಬೆಳಿಗ್ಗೆ ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ ನಾವಿಬ್ಬರು ಗೆಳೆಯರು ಅಂಗಳದಲ್ಲಿ ಗುದ್ದಾಡುತ್ತಿದ್ದೆವು. ನಾನು ಕೊನೆಯವರೆಗೂ ಅರೆಬರೆ ಕಲಿತವನಾಗಿಯೇ ಉಳಿದೆ. ಏಟು ತಿಂದು ನಾನು ಹಿಂದೆ ಸರಿದಾಗಲೆಲ್ಲ ಅಪ್ಪ ಎಡಗೈಯಿಂದ ತೊಡೆ ತಟ್ಟಿಕೊಂಡು, ‘ಹಾಕ್ಲಾ! ಇನ್ನೊಂದು ಹಾಕು!’ ಎಂದು ಗೆಳೆಯನನ್ನೇ ಹುರಿದುಂಬಿಸುತ್ತಿದ್ದ.