ಹಸುವೂ ಬೇಡವೆಂದ ಹರಿತಾ

ಮೇಲೂರಿನ ಹರಿತಾ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಅವಳ ಸೋದರಮಾವ ಬಸ್‌ಸ್ಟಾಂಡಿನ ಎದುರು ಒಂದು ಫ್ಲೆಕ್ಸ್ ಕಟ್ಟಿಸಿದ. ‘ಭಾವಿ ವೈದ್ಯೆ ಕುಮಾರಿ ಹರಿತಾಗೆ ಅಭಿನಂದನೆಗಳು’ ಎಂದು ಕೆಂಪಕ್ಷರ. ಅದರಲ್ಲಿ ಹರಿತಾಳ ಫೋಟೋ ಹೆಬ್ಬೆರಳಿನಷ್ಟು, ಮಾವನ ಫೋಟೋ ಆಳೆತ್ತರ. ಹುಡುಗಿಗೆ ಡಾಕ್ಟರಾಗುವ ಆಸೆ ಇದೆಯೇ ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಫ್ಲೆಕ್ಸ್ ನೋಡಿದ ಮೇಲೆ, ಇದ್ದರೂ ಇರಬಹುದು ಎಂದುಕೊಂಡಳು.

ಅಲ್ಲಿಂದ ಮುಂದೆ ಎಲ್ಲವೂ ಇಳಿಜಾರು. ಪಿಯುಸಿಯಲ್ಲಿ ಫಿಸಿಕ್ಸ್ ಅವಳನ್ನು ಕನಿಕರಪಟ್ಟು ಪಾಸು ಮಾಡಿತು. ಬೆಂಗಳೂರಿನ ಕೋಚಿಂಗ್ ಹಾಸ್ಟೆಲಿನಲ್ಲಿ ಒಂದು ವರ್ಷ ಚಿತ್ರಾನ್ನ ತಿಂದು ತೂಕ ಏರಿತೇ ಹೊರತು ಅಂಕ ಏರಲಿಲ್ಲ. ನೀಟ್ ಪರೀಕ್ಷೆಯಲ್ಲಿ ಅರ್ಹತೆಯ ಗೆರೆಯನ್ನು ಹೊಸಿಲು ಎಡವಿದವರ ಹಾಗೆ ದಾಟಿ ಆಚೆ ಬಿದ್ದಳು. ಕೌನ್ಸೆಲಿಂಗಿನಲ್ಲಿ ರಾಜ್ಯದ ಯಾವ ಕಾಲೇಜನ್ನೂ ಬಿಡದೆ ಆಯ್ಕೆ ಒತ್ತಿದಳು. ಪ್ರತಿ ಸುತ್ತಿನಲ್ಲೂ ‘ಸೀಟು ಹಂಚಿಕೆಯಾಗಿಲ್ಲ’ ಎಂಬ ಒಂದೇ ಸಾಲು ಬಂತು.

ಅವಳ ಅಪ್ಪ ರಮೇಶ್‌ಬಾಬು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹಾಲಿಗೆ ನೀರು ಬೆರೆಸಿದವರನ್ನು ಮುಖ ನೋಡಿಯೇ ಹಿಡಿಯುತ್ತೇನೆ ಎನ್ನುವ ಮನುಷ್ಯ, ಮಗಳ ಅಂಕ ನೋಡಿ ಮೂರು ಸಲ ಕನ್ನಡಕ ಒರೆಸಿಕೊಂಡ. ಆಮೇಲೆ ಜಗುಲಿಯ ಮೇಲೆ ಸಭೆ ಕೂತಿತು. ಅಧ್ಯಕ್ಷತೆ ಅಜ್ಜಿ ಅಮ್ಮಾಜಮ್ಮನದು.

“ಡೆಂಟಲ್ ಮಾಡ್ಸಣ” ಎಂದ ರಮೇಶ್‌ಬಾಬು.

“ನನ್ ಬಾಯಲ್ಲಿ ಒಂದು ಹಲ್ಲಿಲ್ಲ, ಈ ಮನೇಗೆ ಹಲ್ಲು ಡಾಕ್ಟ್ರು ಯಾಕಪ್ಪಾ?” ಎಂದಳು ಅಜ್ಜಿ.

“ಆಯುರ್ವೇದ?”

“ಕಷಾಯ ನಾನೇ ಕಾಯಿಸ್ತೀನಿ. ನಾನ್ಯಾವ ಕಾಲೇಜಿಗೆ ಹೋಗಿದ್ದೆ?”

ಕೊನೆಗೆ ರಮೇಶ್‌ಬಾಬು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದ. “ಹಸು ಡಾಕ್ಟ್ರು ಆಗಮ್ಮ. ಡೇರಿಗೆ ಅನುಕೂಲ ಆಗ್ತದೆ.”

ಹರಿತಾ ನಕ್ಕಳು. ಅಳುವುದರ ಬದಲು ನಕ್ಕಳು ಎಂದರೆ ಸರಿ. “ಅಪ್ಪಾ, ಅದಕ್ಕೂ ನನ್ ಮಾರ್ಕ್ಸ್ ಸಾಲಲ್ಲ. ಮನುಷ್ಯರು ಬೇಡ ಅಂದ್ಮೇಲೆ ಹಸೂನೂ ಬೇಡ ಅಂತು.”

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಹೊತ್ತಿಗೆ ಚಿರಂಜೀವಿಯ ಹೆಸರು ಕಿವಿಗೆ ಬಿತ್ತು. ಚಿಂತಾಮಣಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕೂತು ಹುಡುಗರನ್ನು ವಿದೇಶಕ್ಕೆ ಎಂಬಿಬಿಎಸ್ ಓದಲು ಕಳಿಸುವ ಏಜೆಂಟ್. ಅಪ್ಪ, ಮಗಳು, ಅಜ್ಜಿ ಮೂವರೂ ಬಸ್ಸು ಹತ್ತಿದರು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಅವಳು ಸೀರೆ ಬದಲಾಯಿಸಿ ಮೊದಲೇ ಬಸ್‌ಸ್ಟಾಂಡಿನಲ್ಲಿ ನಿಂತಿದ್ದಳು.

ಆಫೀಸಿನಲ್ಲಿ ಗೋಡೆ ತುಂಬ ಹಿಮಬೆಟ್ಟಗಳ ಚಿತ್ರ, ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ. ಚಿರಂಜೀವಿ ಗ್ಲೋಬು ತಿರುಗಿಸಿ, ಹೆಸರಿನ ಕೊನೆಗೆ ‘ಸ್ತಾನ್’ ಎಂದು ಬರುವ ಒಂದು ದೇಶದ ಮೇಲೆ ಬೆರಳಿಟ್ಟ.

“ಸರ್, ಮಾರ್ಕ್ಸ್ ಬಗ್ಗೆ ಟೆನ್ಷನ್ನೇ ತಗೋಬೇಡಿ. ಇವರು ನೀಟ್ ಪಾಸಾಗಿದಾರಲ್ಲ, ಅಷ್ಟು ಸಾಕು. ಬರೋ ತಿಂಗಳು ವಿಮಾನ. ಇಂಡಿಯನ್ ಮೆಸ್ಸು, ಇಂಗ್ಲಿಷಲ್ಲೇ ಪಾಠ. ನಂಬಿಕೆ ಇಲ್ವಾ? ನಿಮ್ ಕಡೆ ಹುಡುಗನ್ನೇ ಕೇಳಿ.”

ಅವನು ವೀಡಿಯೋ ಕಾಲ್ ಹಚ್ಚಿ ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟ. ತೆರೆಯ ಮೇಲೆ ಮಂಕಿಟೋಪಿ ಹಾಕಿದ ಹುಡುಗ ಕಾಣಿಸಿದ. ತೊಂಡೇಬಾವಿಯ ಮುನೇಶ್, ಅಲ್ಲಿ ಮೂರನೇ ವರ್ಷದ ವಿದ್ಯಾರ್ಥಿ. “ಕಾಲೇಜು ತುಂಬಾ ಚೆನ್ನಾಗಿದೆ ಸರ್, ಫ್ಯಾಕಲ್ಟಿ ತುಂಬಾ ಚೆನ್ನಾಗಿದೆ ಸರ್” ಎಂದು ಬಾಯಿಪಾಠ ಒಪ್ಪಿಸುವವನಂತೆ ಹೇಳಿದ. ಚಿರಂಜೀವಿ ಬೀಗಿದ. ರಮೇಶ್‌ಬಾಬು ತಲೆಯಾಡಿಸಿದ. ಎಲ್ಲ ಮುಗಿಯಿತು ಎನ್ನುವಾಗ ಅಮ್ಮಾಜಮ್ಮ ಫೋನಿನೊಳಕ್ಕೇ ಮುಖ ತೂರಿಸಿ ತೆಲುಗಿನಲ್ಲಿ ಕೂಗಿದಳು.

“ಏಂ ತಿಂಟಾವು ನಾಯನಾ?”

ಏನು ತಿಂತೀಯಪ್ಪಾ ಎಂದು ಯಾವ ಅಜ್ಜಿಯಾದರೂ ಕೇಳುವ ಪ್ರಶ್ನೆ. ಮುನೇಶ್ ತಲೆ ತಗ್ಗಿಸಿದ. ಮಂಕಿಟೋಪಿ ಅಲುಗಾಡತೊಡಗಿತು.

“ಬ್ರೆಡ್ಡು ಅಜ್ಜಿ” ಎಂದು ಬಿಕ್ಕಿದ. “ಬೆಳಿಗ್ಗೆ ಬ್ರೆಡ್ಡು, ಸಾಯಂಕಾಲ ಬ್ರೆಡ್ಡು. ಮುದ್ದೆ ಮರ್ತೋಗಿದೆ. ಪಾಠ ಇಂಗ್ಲಿಷಲ್ಲಿ ಮಾಡ್ತಾರೆ, ಪೇಷೆಂಟು ಅವರ ಭಾಷೇಲಿ ಅಳ್ತಾರೆ. ಎಲ್ಲಿ ನೋವು ಅಂತಾನೇ ಗೊತ್ತಾಗಲ್ಲ. ನಾನು ಸುಮ್ನೆ ತಲೆ ಆಡಿಸ್ತೀನಿ. ಇಲ್ಲಿಂದ ವಾಪಸ್ ಬಂದ್ಮೇಲೆ ಇಂಡಿಯಾದಲ್ಲಿ ಇನ್ನೊಂದು ಪರೀಕ್ಷೆ ಬೇರೆ...”

“ನೆಟ್‌ವರ್ಕ್ ಪ್ರಾಬ್ಲಂ” ಎಂದು ಚಿರಂಜೀವಿ ಫೋನು ಕಿತ್ತುಕೊಂಡ.

ಮೆಟ್ಟಿಲಿಳಿಯುವಾಗ ರಮೇಶ್‌ಬಾಬುವಿಗೆ ಇನ್ನೂ ಆಸೆ. “ಒಬ್ಬ ಅತ್ರೆ ಎಲ್ರೂ ಅಳ್ತಾರಾ? ಅಡ್ಜಸ್ಟ್ ಮಾಡ್ಕೋತಾಳೆ.”

“ಅಪ್ಪಾ, ಇಲ್ಲೇ ಕನ್ನಡದಲ್ಲಿ ಹೇಳ್ಕೊಟ್ರೂ ಫಿಸಿಕ್ಸ್ ನಂಗೆ ಅರ್ಥ ಆಗಿಲ್ಲ” ಎಂದಳು ಹರಿತಾ. “ಅಲ್ಲಿಗ್ಹೋಗಿ ಯಾರನ್ನೋ ಸಾಯಿಸ್ಲಾ?”

ಬೇಕರಿಯಲ್ಲಿ ಪಫ್ಸ್ ತಿಂದು ಮೂವರೂ ಊರಿಗೆ ಬಂದರು. ಆಮೇಲಿನ ಕೆಲವು ವಾರ ಹರಿತಾ ಮನೆಯಿಂದ ಹೊರಗೆ ಬರಲಿಲ್ಲ. ಡೇರಿಗೆ ಹಾಲು ಹಾಕಲು ಹೋಗುವವರೆಲ್ಲ ಜಗುಲಿಯತ್ತ ಇಣುಕಿ “ಡಾಕ್ಟ್ರಮ್ಮ ಯಾವ ಕಾಲೇಜು?” ಎನ್ನುತ್ತಿದ್ದರು. ಹರಿತಾ ಕೇಳಿಸದವಳಂತೆ ಹಿಂದಿನ ಕೋಣೆಯಲ್ಲಿ ಕೂತುಬಿಡುತ್ತಿದ್ದಳು. ಬಸ್‌ಸ್ಟಾಂಡಿನಿಂದ ಬಿಚ್ಚಿ ತಂದು ಅಟ್ಟದಲ್ಲಿಟ್ಟಿದ್ದ ಮಾವನ ಫ್ಲೆಕ್ಸನ್ನು ಒಂದು ದಿನ ಅಜ್ಜಿಯೇ ಇಳಿಸಿ, ರೇಷ್ಮೆಹುಳುವಿಗೆಂದು ಅಂಗಳದಲ್ಲಿ ರಾಶಿ ಹಾಕಿದ್ದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಹೊದಿಸಿದಳು. ಮಾವನ ನಗುಮುಖದ ಮೇಲೆ ಕೋಳಿ ಓಡಾಡಿತು. ಹರಿತಾ ಬಹಳ ದಿನಗಳ ನಂತರ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟರಲ್ಲಿ ರಮೇಶ್‌ಬಾಬು ಡೇರಿಯಲ್ಲಿ ಹಾಲಿನ ಕ್ಯಾನು ಎತ್ತಲು ಬಗ್ಗಿದವನು ಹಾಗೆಯೇ ನಿಂತುಬಿಟ್ಟ. ಬೆನ್ನು ನೆಟ್ಟಗಾಗಲೇ ಇಲ್ಲ. ಚಿಕ್ಕಬಳ್ಳಾಪುರದ ಮೂಳೆ ಡಾಕ್ಟರು ಮಾತ್ರೆ ಬರೆದು ಫಿಸಿಯೋಥೆರಪಿಗೆ ಕಳಿಸಿದರು. ಅಪ್ಪನ ಜೊತೆ ಹೋಗುತ್ತಿದ್ದವಳು ಹರಿತಾ.

ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಲಾವಣ್ಯ, ಹರಿತಾಳಿಗಿಂತ ಐದಾರು ವರ್ಷ ದೊಡ್ಡವಳು. “ಕಾಲು ಎತ್ತಿ ಸರ್. ಇನ್ನೂ ಮೇಲೆ. ನೆಪ ಹೇಳ್ಬೇಡಿ.” ಹೆಂಡತಿಯ ಮಾತು, ತಾಯಿಯ ಮಾತು, ಹಾಲು ಒಕ್ಕೂಟದ ಅಧಿಕಾರಿಯ ಮಾತು ಯಾವುದನ್ನೂ ಕೇಳದ ರಮೇಶ್‌ಬಾಬು ಹಲ್ಲು ಕಚ್ಚಿ ಕಾಲೆತ್ತಿದ. ಹರಿತಾ ಕಣ್ಣರಳಿಸಿ ನೋಡಿದಳು. ಅಪ್ಪನ ಬೆನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ನೇರವಾಗುವುದನ್ನೂ ನೋಡಿದಳು. ಯಾವ ಸ್ನಾಯು, ಯಾಕೆ ಹಿಡಿಯಿತು ಎಂದು ಕೇಳತೊಡಗಿದಳು. ಕೋಚಿಂಗಿನಲ್ಲಿ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಒಂದು ದಿನ ಧೈರ್ಯ ಮಾಡಿದಳು.

“ಅಕ್ಕಾ, ಇದಕ್ಕೆ ನೀಟ್ ಬೇಕಾ?”

“ನಾನಂತೂ ಬರೀಲಿಲ್ಲಮ್ಮ. ನೀನೂ ಪಿಯುಸಿ ಮೇಲೆ ಸೇರ್ಬೋದು. ಆದ್ರೆ ಓದು ಸುಲಭ ಅನ್ಕೋಬೇಡ, ಅನಾಟಮಿ ಎಲ್ಲರ ಬೆವರಿಳಿಸುತ್ತೆ.”

ಮನೆಯಲ್ಲಿ ಮತ್ತೆ ಸಭೆ. “ಎಣ್ಣೆ ಹಚ್ಚಿ ನೀವೋದಕ್ಕೆ ಕಾಲೇಜಾ?” ಎಂದಳು ಅಮ್ಮಾಜಮ್ಮ. ಉತ್ತರ ಕೊಟ್ಟದ್ದು ಹರಿತಾ ಅಲ್ಲ, ರಮೇಶ್‌ಬಾಬು. “ಎಣ್ಣೆ ಅಲ್ಲಮ್ಮೋ. ಆ ಹುಡುಗಿ ಇಲ್ದಿದ್ರೆ ನಾನಿನ್ನೂ ಬಗ್ಗೇ ಇರ್ತಿದ್ದೆ. ಸೇರ್ಲಿ ಬಿಡು.”

ಸೇರಿದಳು. ಈಗ ಎರಡನೇ ವರ್ಷ. ಅನಾಟಮಿಯಲ್ಲಿ ಒಂದು ಸಲ ಮುಗ್ಗರಿಸಿ ಎದ್ದಿದ್ದಾಳೆ. ಕಾಲೇಜಿನ ಕ್ಯಾಂಟೀನಿನಲ್ಲಿ ಪಕ್ಕದ ಮೆಡಿಕಲ್ ಕಾಲೇಜಿನ ಎಂಬಿಬಿಎಸ್ ಹುಡುಗಿಯರು ಸ್ಟೆತಾಸ್ಕೋಪು ನೇತುಹಾಕಿಕೊಂಡು ಹೋಗುವಾಗ ಒಳಗೆಲ್ಲೋ ಚುರುಕ್ಕೆನ್ನುತ್ತದೆ. ಅದು ಹೋಗಿಲ್ಲ, ಹೋಗುತ್ತದೆಂದು ಅವಳು ಹೇಳುವುದೂ ಇಲ್ಲ. ಅಜ್ಜಿ ಮಾತ್ರ ಊರಿಗೆಲ್ಲ “ನಮ್ ಹರಿತಾ ಕೈಕಾಲು ಡಾಕ್ಟ್ರು” ಎಂದು ಸಾರಿದ್ದಾಳೆ. “ಡಾಕ್ಟ್ರಲ್ಲ ಕಣಜ್ಜಿ” ಎಂದರೆ ಆ ಹೊತ್ತಿಗೆ ಸರಿಯಾಗಿ ಅವಳ ಕಿವಿ ಮಂದವಾಗುತ್ತದೆ.

ಹೋದ ಭಾನುವಾರ ಜಂಗಮಕೋಟೆಯಿಂದ ನರಸಿಂಹಪ್ಪ ಎಂಬ ನೆಂಟರು ಸೊಂಟ ಹಿಡಿದುಕೊಂಡು ಬಂದರು. ಜಗುಲಿಯ ಮೇಲೆ ಕೂರಲಾರದೆ ಕೂತರು.

“ಸೂಜಿ ಹಾಕಮ್ಮಾ.”

“ನಾನು ಸೂಜಿ ಹಾಕಲ್ಲ ತಾತ.”

“ಮಾತ್ರೆ?”

“ಅದೂ ಕೊಡಲ್ಲ.”

“ಮತ್ತೆ ನೀನು ಓದ್ತಿರೋದೇನಮ್ಮಾ?”

“ಮೊದ್ಲು ಡಾಕ್ಟ್ರಿಗೆ ತೋರ್ಸಿ, ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ. ಆಮೇಲೆ ನಮ್ ಕಾಲೇಜಿಗೆ ಬನ್ನಿ, ಮೇಡಂ ನೋಡ್ತಾರೆ. ನಾನೂ ಪಕ್ಕದಲ್ಲಿ ಇರ್ತೀನಿ” ಎಂದು ಹರಿತಾ ಅವರ ತೋಳು ಹಿಡಿದು ಎಬ್ಬಿಸಿದಳು. “ಈಗ ಮೊದ್ಲು ಈ ಜಗುಲಿ ಬಿಟ್ಟು ಒಳಗಡೆ ಕುರ್ಚಿ ಮೇಲೆ ನೆಟ್ಟಗೆ ಕೂತ್ಕೊಳಿ.”