ಅಕ್ಕ ತಾನಾಗಿಯೇ ಬಿಟ್ಟದ್ದು

ನಮ್ಮ ಅಪ್ಪ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡಾಗ ಅಕ್ಕನ ಪಿಯುಸಿ ಆಗಷ್ಟೇ ಮುಗಿದಿತ್ತು, ನಾನಿನ್ನೂ ಹೈಸ್ಕೂಲು, ಅವ್ವನಿಗೆ ಮನೆಗೆಲಸ ಬಿಟ್ಟು ಬೇರೆ ದುಡಿಮೆಯಿರಲಿಲ್ಲ. ಅಕ್ಕನಿಗೆ ಗಣಿತವೆಂದರೆ ಊಟ ನಿದ್ದೆ ಬೇಡ. ಬೆಳಗಾವಿಯಲ್ಲೇ ಡಿಗ್ರಿ ಓದುವುದೆಂದು ನಿಶ್ಚಯವಾಗಿತ್ತು. ಅಪ್ಪ ಹೋದ ಮೇಲೆ ಅದನ್ನು ಬಿಟ್ಟು ಶಿಕ್ಷಕರ ತರಬೇತಿಗೆ ಸೇರಿದಳು. ಆಮೇಲೆ ಖಾನಾಪುರದ ಪ್ರಾಥಮಿಕ ಶಾಲೆಯೊಂದರಲ್ಲಿ ನೌಕರಿ ಹಿಡಿದು ತಂಗಿಯಾದ ನನ್ನನ್ನು ಓದಿಸಿದಳು. ನಾನು ನನ್ನ ಕಾಲ ಮೇಲೆ ನಿಲ್ಲುವವರೆಗೆ ತನ್ನ ಮದುವೆಯ ಮಾತೆತ್ತಲು ಯಾರಿಗೂ ಬಿಡಲಿಲ್ಲ.

ನನಗೆ ಕೆಲಸ ಸಿಕ್ಕ ದಿನ ಅದನ್ನೆಲ್ಲ ನೆನೆದು ಅವಳೆದುರು ಅತ್ತೆ. ಅವಳು ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

“ಬಿಡು ಅಂತ ನನಗ ಯಾರೂ ಹೇಳಿಲ್ಲ. ನಾನಾಗೇ ಬಿಟ್ಟೀನಿ. ನೀ ಯಾಕ ಅಳ್ತಿ?”

ಆ ಒಂದು ಮಾತಿನ ಮೇಲೆ ನಾನು ಎಷ್ಟೋ ವರ್ಷ ನೆಮ್ಮದಿಯಾಗಿ ಬದುಕಿದೆ. ಯಾರೋ ಕಸಿದುಕೊಂಡದ್ದಲ್ಲ, ಅವಳೇ ಕೊಟ್ಟದ್ದು.

ಅವಳು ಬದಲಾಗತೊಡಗಿದ್ದು ನಿವೃತ್ತಿಯ ಹತ್ತಿರ. ಸಾವಿನ ಮನೆಯೊಂದರಲ್ಲಿ ಎಲ್ಲರೂ ಅಳುತ್ತಿರುವಾಗ, ಊಟ ಎಷ್ಟೊತ್ತಿಗೆ ಎಂದು ಜೋರಾಗಿ ಕೇಳಿದಳು. ಒಂದು ಬೆಳಿಗ್ಗೆ ಕೊರಳಿನ ಇಷ್ಟಲಿಂಗದ ಕಾಯಿ ತೆಗೆದು ದೇವರ ಜಗಲಿಯ ಮೇಲಿಟ್ಟವಳು ಮತ್ತೆ ಹಾಕಿಕೊಳ್ಳಲಿಲ್ಲ. ಚಿಕ್ಕಂದಿನಿಂದ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕಿದವಳಲ್ಲ. ಯಾಕೆಂದು ಕೇಳಿದರೆ ಸಿಟ್ಟೂ ಇಲ್ಲ, ಬೇಸರವೂ ಇಲ್ಲ; ಯಾಕೆ ಮಾಡಬೇಕು ಎಂದು ಮರುಪ್ರಶ್ನೆ. ಸಂತೆಯಲ್ಲಿ ಪೇರಲ ಹಣ್ಣಿನ ರಾಶಿಗೆ ಕೈ ಹಾಕಿ, ಒಂದನ್ನೆತ್ತಿ ತಿನ್ನುತ್ತ ನಡೆದುಬಿಡುತ್ತಿದ್ದಳು. ಶಾಲೆಯ ಸೀಮೆಸುಣ್ಣದ ಚೂರೂ ಮನೆಗೆ ತರದಿದ್ದ ಹೆಂಗಸು.

ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಪುಟ್ಟ ಹುಡುಗಿಯೊಬ್ಬಳ ಕೈಯಿಂದ ಬಿಸ್ಕಿಟಿನ ಪುಡಿಕೆ ಕಸಿದುಕೊಂಡಳು. ಮಗು ಕಿರುಚಿತು. ತಾಯಿ ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದಳು. ಅಕ್ಕನ ಗಂಡ, ನಾನು ಮಾಮಾ ಎನ್ನುವವರು, ಕೈ ಜೋಡಿಸಿ ಮರಾಠಿಯಲ್ಲೇ ಕ್ಷಮೆ ಕೇಳಿದರು. ಅಕ್ಕ ಬಾಜೂಕ್ಕೆ ನಿಂತು ಬಿಸ್ಕಿಟು ತಿನ್ನುತ್ತಿದ್ದಳು. ಊರಿನಲ್ಲಿ ಬಾಯಿಗೊಂದು ಮಾತಾಯಿತು. ಶಾಲೆಯ ಬಾಯೋರಿಗೆ ಪಿಂಚಣಿ ಬಂತು, ಸೊಕ್ಕೂ ಬಂತು ಎಂದರು.

ಕೊನೆಗೆ ಬೆಳಗಾವಿಗೆ ಕರೆತಂದು ತಲೆಯ ಸ್ಕ್ಯಾನ್ ಮಾಡಿಸಿದೆವು. ಮಿದುಳಿನ ಮುಂಭಾಗ ಒಣಗುತ್ತ ಬರುತ್ತಿದೆ ಎಂದರು ಡಾಕ್ಟರು. ಬೇಡವೆಂದು ತಡೆಯುವ ಶಕ್ತಿ ಇರುವುದು ಅಲ್ಲಿಯೇ, ಅದು ಹೋಗಿದೆ. ಇವರು ಬೇಕೆಂದು ಏನನ್ನೂ ಮಾಡುತ್ತಿಲ್ಲ, ಬೈಯಬೇಡಿ. ಇದಕ್ಕೆ ಮದ್ದಿಲ್ಲ ಎಂದರು.

ಅಂದು ನಾನೂ ಅವರ ಜೊತೆ ಖಾನಾಪುರಕ್ಕೆ ಹೋದೆ. ಮಾಮಾ ಅಕ್ಕನನ್ನು ಮಲಗಿಸಿ ಬಂದು ಪಡಸಾಲೆಯಲ್ಲಿ ಕೂತ ಮೇಲೆ ನಿಧಾನವಾಗಿ ಕೇಳಿದರು.

“ಈಗ ಕಸಗೊಂಡು ತಿನ್ನಾಕಿ ಆಕಿ ಅಲ್ಲ, ಬ್ಯಾನಿ ಅಂದ್ರು ಡಾಕ್ಟರು. ಖರೇನ ಇರಬೇಕು. ಹಂಗಾರ ಮೊದಲ ಎಲ್ಲಾರಿಗೂ ಕೊಡತಿದ್ದಳಲ್ಲ, ಅದಾದ್ರೂ ಆಕಿ ಏನವಾ? ಅದೂ ತಲ್ಯಾಗಿನ ಒಂದು ತುಂಡು ಮಾಡ್ಸಿದ್ದೇನು?”

ಅವರು ತಮ್ಮ ಸಂಸಾರದ ಬಗ್ಗೆ ಕೇಳಿದ್ದರು. ನನಗೆ ಕೇಳಿಸಿದ್ದು ನನ್ನ ಬದುಕಿನ ಬಗ್ಗೆ. ಈಗಿನ ಅಕ್ಕನಿಗೆ ತಡೆಯಲು ಆಗದಿದ್ದರೆ, ಆಗಿನ ಅಕ್ಕನಿಗೆ ಕೊಡದೆ ಇರಲು ಆಗುತ್ತಿತ್ತೇ? ಆಗುತ್ತಿರಲಿಲ್ಲವೆಂದರೆ ನನಗಾಗಿ ಯಾರೂ ಏನನ್ನೂ ಬಿಟ್ಟುಕೊಟ್ಟಿಲ್ಲ. ಎಲ್ಲ ಸುಮ್ಮನೆ ನನ್ನ ಕಡೆ ಹರಿದು ಬಂದಿದೆ, ಅಷ್ಟೇ.

ಒಂದು ಭಾನುವಾರ ತಡೆಯಲಾರದೆ ಅವಳನ್ನೇ ಕೇಳಿದೆ.

“ಅಕ್ಕಾ, ಕಾಲೇಜ್ ಯಾಕ ಬಿಟ್ಟಿ?”

“ಯಾವ ಕಾಲೇಜು?” ಎಂದಳು. ನನ್ನ ತಾಟಿನಲ್ಲಿದ್ದ ರೊಟ್ಟಿ ತೆಗೆದುಕೊಂಡು ತಿನ್ನತೊಡಗಿದಳು. ನಾನು ಎದ್ದು ಹಿತ್ತಲಿಗೆ ಹೋದೆ.

ಬರಬರುತ್ತ ಮಾತು ನಿಂತಿತು, ಆಮೇಲೆ ನಡಿಗೆ. ಮಾಮಾ ಅವಳಿಗೆ ಸ್ನಾನ ಮಾಡಿಸಿ, ಉಣಿಸಿ, ಮಗ್ಗುಲು ಬದಲಿಸಿ ಸೊರಗಿಹೋದರು. ಬೆಳಗಾವಿಯಲ್ಲಿ ಇಂಥವರನ್ನು ನೋಡಿಕೊಳ್ಳುವ ಜಾಗವೊಂದಿದೆ, ಅಲ್ಲಿ ಬಿಡೋಣ ಎಂದೆ. ಬೇಡವೆಂದರು. ನಿಮ್ಮಷ್ಟು ಒಳ್ಳೆಯವರು ಯಾರಿದ್ದಾರೆ ಎಂದದ್ದಕ್ಕೆ ಅವಳ ಹೊದಿಕೆ ಸರಿಪಡಿಸುತ್ತ ಹೇಳಿದರು.

“ಒಳ್ಳೇತನ ಅನಬ್ಯಾಡವಾ. ಬಿಟ್ಟು ಹೋಗಾಕ ಬರತಿತ್ತಂದ್ರ, ಇದ್ದದ್ದು ದೊಡ್ಡ ಮಾತು. ನನಗ ಹೋಗಾಕನ ಬರಂಗಿಲ್ಲ.”

ಹೋದ ವರ್ಷ ಶ್ರಾವಣದಲ್ಲಿ ಅಕ್ಕ ಹೋದಳು. ಎದೆಗೆ ಕಫ ಕಟ್ಟಿತು, ಬಹಳ ನರಳಲಿಲ್ಲ. ಮಣ್ಣು ಮಾಡಿ ಬಂದು ಕೂತಿದ್ದಾಗ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಶಾಲೆ ಬಿಡಿಸಿದ್ದ ತನ್ನನ್ನು ಮನೆಗೇ ಬಂದು ಕರೆದೊಯ್ದವರು ಇವರು ಎಂದು ಅತ್ತಳು. ಬಾಯೋರು ಕಡೆತನಕ ಹಾಗೇ ಇದ್ದರೇ ಎಂದು ಕೇಳಿದಳು. ಹಾಗೇ ಇದ್ದಳು ಎಂದರು ಮಾಮಾ.

ಈಗ ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಅವಳು ತರಬೇತಿಗೆ ಹೊರಟ ಬೆಳಿಗ್ಗೆ. ಟ್ರಂಕು ಎತ್ತಿಕೊಂಡು ಹೊಸ್ತಿಲು ದಾಟಿದವಳು ಅಂಗಳದಲ್ಲಿ ಅದನ್ನು ಕೆಳಗಿಟ್ಟಳು. ತಿರುಗಿ ಮನೆಯತ್ತ ನೋಡಿದಳು. ಬಾಗಿಲಲ್ಲಿ ಅವ್ವ ಇದ್ದಳು, ನಾನಿದ್ದೆ. ಈಗ ವಾಪಸ್ಸು ಬರುತ್ತಾಳೆ ಎಂದು ನನಗನ್ನಿಸಿತ್ತು. ಟ್ರಂಕು ಭಾರವಾಗಿತ್ತೋ, ಮನಸ್ಸೇ ಹೊಯ್ದಾಡಿತ್ತೋ, ಅವಳು ಇದ್ದಾಗ ಕೇಳಬೇಕೆಂದು ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಇನ್ನೊಂದು ಕೈಯಲ್ಲಿ ಟ್ರಂಕು ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.