ಆಟದಕ್ಕ ರಿಪೇರಿ ಮಾಡಿದ ಕೋಳಿಯಾಟ

ಕನ್ನಡಕದ ಅಂಗಡಿಯ ಯಜಮಾನಿಗೆ ಬೀದಿಯವರೆಲ್ಲ ಇಟ್ಟ ಹೆಸರು ಆಟದಕ್ಕ. ಗಿರಾಕಿಗೆ ಫ್ರೇಮು ತೊಡಿಸಿ, ಅದು ಮೂಗಿನ ಮೇಲೆ ನೆಟ್ಟಗೆ ಕೂತಿತೋ ಇಲ್ಲವೋ ಎಂದು ನೋಡುವಷ್ಟರಲ್ಲೇ ಅವಳ ಗಮನ ಒಳಕೋಣೆಯ ಕಂಪ್ಯೂಟರಿನ ಕಡೆ ಜಾರುತ್ತಿತ್ತು. ಒಂದು ಕಾಲದಲ್ಲಿ ಬ್ರೌಸರ್ ತೆರೆದು ಕ್ಲಿಕ್ ಮಾಡಿದರೆ ಸಾಕು, ಕಪ್ಪೆ ಜಿಗಿಯುತ್ತಿತ್ತು, ಗೊಂಬೆ ಕುಣಿಯುತ್ತಿತ್ತು. ಅವನ್ನು ಓಡಿಸುತ್ತಿದ್ದ ಸಾಫ್ಟ್‌ವೇರನ್ನು ಬ್ರೌಸರುಗಳು ಕೈಬಿಟ್ಟಿದ್ದೇ ತಡ, ಅಂಥ ಆಟಗಳೆಲ್ಲ ಮಣ್ಣುಪಾಲಾದವು. ಹಾಗೆ ಹೋದವನ್ನು ಹಳೆಯ ಡಿಸ್ಕುಗಳಿಂದ ಕೆದಕಿ ತೆಗೆದು, ಮತ್ತೆ ಆಡುವಂತೆ ಮಾಡಿ, ತನ್ನಂಥ ಹುಚ್ಚರೇ ಸೇರಿ ಕಟ್ಟಿದ ಸಂಗ್ರಹಕ್ಕೆ ಹಾಕುವುದು ಅವಳ ಚಟ.

"ಸತ್ತ ಆಟಾನ ಎಬ್ಬಿಸ್ತಾ ಕೂತ್ಕೋ, ಬದುಕಿರೋ ಗಿರಾಕಿ ಎದ್ದು ಹೋಗ್ತಾರೆ" ಎಂದು ಅಂಗಡಿಗಳ ಬೋರ್ಡು ಬರೆಯುವ ಅವಳ ಅಣ್ಣ ಕಾಲೆಳೆಯುತ್ತಿದ್ದ.

ಈ ಸಲ ಹಳೆಯ ಡಿಸ್ಕೊಂದರಲ್ಲಿ ಅವಳ ಕೈಗೆ ಸಿಕ್ಕಿದ್ದು ಆ ಅಣ್ಣನದೇ ಆಟ. ಅವಳು ಬೇರೆ ಊರಿನಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ, ಅನಿಮೇಷನ್ ಕಲಿಯುವ ಹುಕಿ ಹತ್ತಿ, ಅವನು ಅಮ್ಮನ ನಡಿಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಮಾಡಿದ್ದ. ಕೋಳಿ ಮೆಟ್ಟಿಲು ಹತ್ತಿ ಓಡುತ್ತದೆ, ಆಡುವವರು ಓಡಿಸಿದಂತೆ ಅಮ್ಮ ಸೌಟು ಹಿಡಿದು ಅಟ್ಟಿಸಿಕೊಂಡು ಹೋಗುತ್ತಾಳೆ, ಅಷ್ಟೇ. ಆಟವಿದ್ದ ವೆಬ್‌ಸೈಟು ಮುಚ್ಚಿಹೋಗಿತ್ತು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಫೋಟೋಗಳೇನೋ ಗೋಡೆ ತುಂಬ ಇದ್ದವು; ಓಡಾಡುವ ಅಮ್ಮ ಮಾತ್ರ ಈ ಡಿಸ್ಕು ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಅದು ಉಳಿಯಬೇಕು, ಅಮ್ಮ ಇದ್ದ ಹಾಗೇ ಉಳಿಯಬೇಕು ಎಂದು ಆಟದಕ್ಕ ಹಟ ಹಿಡಿದಳು.

ಆಟವೇನೋ ಓಡಿತು. ಆದರೆ ಅರ್ಧ ಮೆಟ್ಟಿಲು ಹತ್ತುತ್ತಲೇ ಅಮ್ಮ ಗಕ್ಕನೆ ನಿಲ್ಲುತ್ತಿದ್ದಳು. ಸೊಂಟಕ್ಕೆ ಕೈ ಕೊಟ್ಟ ಚಿತ್ರವೊಂದು ಬೇರೆ ಎಲ್ಲಿಂದಲೋ ಬಂದು ಸೇರಿಕೊಂಡಂತಿತ್ತು. ನಡುವಿನ ಚಿತ್ರಗಳು ಕಳೆದುಹೋಗಿ ಅನಿಮೇಷನ್ ಸಿಕ್ಕಿಕೊಳ್ಳುತ್ತಿದೆ, ಇಂಥದ್ದೆಷ್ಟು ನೋಡಿಲ್ಲ ತಾನು ಎಂದುಕೊಂಡು, ನಿಂತ ಚಿತ್ರಗಳನ್ನು ಕಿತ್ತು ಹೊಸ ಹೆಜ್ಜೆಗಳನ್ನು ಕೂಡಿಸಿದಳು. ಅಮ್ಮ ಸರಸರನೆ ಹತ್ತತೊಡಗಿದಳು. ಆಟದಕ್ಕ ಬೀಗುತ್ತಾ ಅಣ್ಣನನ್ನು ಕರೆದು ಕೂರಿಸಿದಳು.

ಅಣ್ಣ ಮೊದಲ ಸಲಕ್ಕೇ ಕೋಳಿ ಹಿಡಿದ. ಗೆದ್ದವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

"ಈ ಕೋಳೀನ ಇವತ್ತಿನವರೆಗೂ ಒಬ್ರೂ ಹಿಡಿದಿಲ್ಲ ಕಣೇ. ಏನ್ಮಾಡ್ದೆ?"

"ಅಮ್ಮ ಮೆಟ್ಟಿಲ ಮೇಲೆ ಸಿಕ್ಕಾಕ್ಕೊಳ್ತಿದ್ಲು. ಸರಿ ಮಾಡ್ದೆ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಷ್ಟು ಜನ ಡಾಕ್ಟ್ರ ಕೈಲಿ ಆಗದ ಸೊಂಟನೋವು. ನೀನು ಕೂತಲ್ಲೇ ವಾಸಿ ಮಾಡ್ಬಿಟ್ಯಲ್ಲೇ."

"ಯಾವ ಸೊಂಟನೋವು? ಅಮ್ಮ ಚೆನ್ನಾಗೇ ಹತ್ತುತಿದ್ಲು. ನಾನು ರಜೆಗೆ ಬಂದಾಗೆಲ್ಲ ನೋಡಿಲ್ವಾ?"

ಅಣ್ಣನ ನಗು ನಿಂತಿತು. "ನೀನು ಬಂದಾಗ ಹತ್ತೋಳು" ಎಂದ. "ನೀನು ಬಸ್ಸು ಹತ್ತಿದ ಮೇಲೆ ಮಲಗಿದ್ರೆ ಏಳೋಕೇ ಆಗ್ತಿರ್ಲಿಲ್ಲ. 'ಅವಳ ಹತ್ರ ಬಾಯಿ ಬಿಟ್ಟೀಯ' ಅಂತ ನನ್ನ ಹೆದರಿಸ್ತಿದ್ಲು."

ಆಟದಕ್ಕನಿಗೆ ಅಳು ಬಂತು, ಅಮ್ಮನ ಮೇಲೆ ಕೋಪವೂ ಬಂತು. ಹೊರಗೆ ಗಿರಾಕಿಯೊಬ್ಬರು ಕೆಮ್ಮಿದರು. ಅಣ್ಣನೇ ಎದ್ದು ಹೋಗಿ, ಗೊತ್ತಿಲ್ಲದ ಕಸುಬಿಗೆ ಕೈ ಹಾಕಿ, ಅವರಿಗೆ ಇನ್ಯಾರದೋ ಕನ್ನಡಕ ತೊಡಿಸಿದ.

ಒಳಗೆ ಅವಳು ತಾನು ಕೂಡಿಸಿದ್ದನ್ನೆಲ್ಲ ಅಳಿಸಿ, ಅಣ್ಣನ ಚಿತ್ರಗಳನ್ನು ಮೊದಲಿದ್ದಲ್ಲಿಗೇ ಸೇರಿಸಿ, ಆಟ ಶುರು ಮಾಡಿದಳು. ಅಮ್ಮ ನಡುಮೆಟ್ಟಿಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟಳು. ಆಟದಕ್ಕ ಕೀಬೋರ್ಡಿನಿಂದ ಕೈ ತೆಗೆದಳು.

"ಕೋಳಿ ಹೋದ್ರೆ ಹೋಗ್ಲಿ" ಎಂದಳು. "ನಿಧಾನಕ್ಕೆ ಹತ್ತಮ್ಮ."